ಟಾಡ್‌ಶಾದಲ್ಲಿ ಟಾಡ್‌ಶಾ ಯಾರೂ ಇಲ್ಲ

1931 ಮಾರ್ಚ್ 3, ಮಂಗಳವಾರ

ಬೆಳಿಗ್ಗೆ ಆರಕ್ಕೇ ಮಿಲ್ಲು. ನಾಲ್ಕು ಮಗ್ಗ. ದಾರ ಕಡಿಯೋದೇ ಕಡಿಯೋದು — ಕೊಳೆತ ಹತ್ತಿ ಕೊಟ್ಟು ಒಳ್ಳೇ ಬಟ್ಟೆ ಕೇಳ್ತಾರೆ, ಕಳ್ಳರು. ಮನೆಗೆ ಬಂದರೆ ಅಪ್ಪ ಕೂತಲ್ಲೇ ಕೂತಿದ್ದ. ಟೀ ಮುಟ್ಟಿಲ್ಲ. ಕೆಮ್ಮಿದರೆ ಇವತ್ತೂ ರಕ್ತ. ಜೀವಮಾನವೆಲ್ಲ ಕುಡಿದ ಮಿಲ್ಲಿನ ಧೂಳು, ಈಗ ಅವನನ್ನ ಕುಡೀತಿದೆ.

"ಏಡಾ, ಗುಡ್ಡದಾಚೆ ಹೋಗಿ ಪಾದ್ರೀನ ಕಂಡು ಬಾ. ನನ್ನ ಟಾಡ್‌ಶಾದಲ್ಲೇ ಮಣ್ಣು ಮಾಡಬೇಕು."

"ಆ ಊರು ಕಣ್ಣಲ್ಲಿ ನೋಡಿದ್ದೀಯೇನಪ್ಪ?"

"ನೋಡೋದ್ಯಾಕೆ? ಜೆಥ್ರೋ ಟಾಡ್‌ಶಾ ನಾನು. ಊರ ಹೆಸರೇ ಹೊತ್ಕೊಂಡಿದ್ದೀನಿ. ಇಲ್ಲ ಅನ್ನೋಕೆ ಅವನಪ್ಪನ ಮನೆ ಗಂಟೇನು?"

ಮಾರ್ಚ್ 8, ಭಾನುವಾರ

ಗುಡ್ಡದ ಮೇಲಿನ ನೇರ ದಾರಿಗೆ ಗುಡ್ಡದ ಒಡೆಯ ಕರ್ನಲ್ ಬೀಗ ಹಾಕಿಸಿದಾನೆ. ಜನ ಓಡಾಡಿದರೆ ಅವನು ಬೇಟೆಗಂತ ಕಾಪಾಡೋ ಹಕ್ಕಿಗಳಿಗೆ ತೊಂದರೆಯಂತೆ. ಬಸ್ಸಲ್ಲಿ ಸುತ್ತಿ ಹೋದೆ.

ಪಾದ್ರಿ ಒಳ್ಳೆಯವನೇ. ಟೀ ಕೊಟ್ಟ, ಜಾಗ ಕೊಡಲಿಲ್ಲ. ಈ ಊರಿನಲ್ಲಿ ಬಾಳಿದವರಿಗೆ ಮಾತ್ರವಂತೆ.

"ನಮ್ಮ ಹೆಸರೇ ಈ ಊರದ್ದಲ್ವಾ?" ಅಂದೆ.

"ಸಮಾಧಿಗಳನ್ನ ನೋಡಮ್ಮ. ಒಬ್ಬನಾದರೂ ಟಾಡ್‌ಶಾ ಇದಾನಾ?"

ನೋಡಿದೆ. ಕಲ್ಲುಗಳ ಮೇಲೆ ತೊರೆ ಹೆಸರಿನವರು, ದಿಬ್ಬದ ಹೆಸರಿನವರು, ಕಮ್ಮಾರ, ಹಿಟ್ಟಿನ ಗಿರಣಿ ಅನ್ನೋ ಕಸುಬಿನ ಹೆಸರಿನವರು. ಟಾಡ್‌ಶಾ — ಒಬ್ಬನೂ ಇಲ್ಲ.

"ಟಾಡ್‌ಶಾ ಅಂದ್ರೆ ನರಿ ತೋಪು ಅಂತ ಅರ್ಥ," ಅಂದ ಪಾದ್ರಿ, ಒಳಗೆ ವಾಪಸ್ ಬಂದಾಗ. "ಊರ ಹೆಸರು ಮೊದಲು, ಆಮೇಲೆ ನಿಮ್ಮದು. ಊರೊಳಗೇ ಇದ್ದೋನನ್ನ ಊರ ಹೆಸರಿಂದ ಯಾರು ಕರೀತಾರೆ? ಎಲ್ಲರೂ ಅದೇ ಊರೋರು ತಾನೆ. ಬಿಟ್ಟು ಹೋದೋನಿಗೇ ಹೊರಗಿನ ಜನ ಹಾಗೆ ಕರೆಯೋದು."

"ಬಿಟ್ಟು ಹೋಗಿದ್ಯಾಕೆ?"

ಟೀ ಕಪ್ಪು ಕೆಳಗಿಟ್ಟ. "ಆ ಕಾಲದ ಧಣಿಗೆ ಕುರಿ ಮೇಯಿಸೋಕೆ ನೆಲ ಬೇಕಿತ್ತು ಅಂತಾರೆ…"

ಅಂತಾರೆ! ಆಗ ಕುರಿ, ಈಗ ಹಕ್ಕಿ. ಮನುಷ್ಯನ ಸರದಿ ಯಾವಾಗ?

ಮಾರ್ಚ್ 11, ಬುಧವಾರ

ಪಾದ್ರಿ ಅಂದದ್ದನ್ನ ಅಪ್ಪನಿಗೆ ಹೇಳೋಕೆ ಮೂರು ದಿನ ಬಾಯಿ ಬರಲಿಲ್ಲ. ಇವತ್ತು ಹೇಳಿಬಿಟ್ಟೆ. ಪಕ್ಕದ ಮನೆ ಮೇಯೋ ಕೂತಿದ್ದ — ಐರ್ಲೆಂಡಿನ ಮೇಯೋ ಸೀಮೆಯವ, ಬಾಯ್ಲರ್‌ಗೆ ಕಲ್ಲಿದ್ದಲು ಹಾಕೋನು.

"ಸರಿಯಾಗೇ ಹೇಳಿದಾನೆ ಪಾದ್ರಿ," ಅಂದ. "ಮೇಯೋದಲ್ಲಿ ನನ್ನ ಯಾವ ನನ್ಮಗ ಮೇಯೋ ಅಂತ ಕರೆದ? ಇಲ್ಲಿಗೆ ಬಂದ ದಿನ ನೀವು ಇಟ್ರಿ. ಈಗ ನನ್ನ ಹೆಂಡ್ತೀನೂ ಹಾಗೇ ಬೈತಾಳೆ."

ಅಪ್ಪ ನಕ್ಕ. ಕೆಮ್ಮಿದ.

"ಅಂದ್ರೆ ಇದು ನಮ್ಮೂರ ಹೆಸರಲ್ಲ. ನಮ್ಮನ್ನ ಒದ್ದೋಡಿಸಿದ ಊರ ಹೆಸರು."

"ಹೂಂ."

"ಹಾಗಾದ್ರೆ ಅವರ ಮಣ್ಣು ಬೇಡ. ಇಲ್ಲೇ ಹೂಳು. ಆದ್ರೆ ಮೊದಲು ಗುಡ್ಡದ ದಾರೀಲಿ ಹೊತ್ಕೊಂಡು ಹೋಗಿ. ಟಾಡ್‌ಶಾ ನಡುವೆ ಹಾದು ವಾಪಸ್ ತನ್ನಿ. ಹೆಣ ಹಾದ ದಾರಿ ಮುಚ್ಚೋಕೆ ಯಾವ ಧಣಿಗೂ ಹಕ್ಕಿಲ್ಲ."

ಈ ಕಡೆ ಎಲ್ಲರೂ ಅದನ್ನ ನಂಬ್ತಾರೆ. ಯೂನಿಯನ್ ಆಫೀಸಲ್ಲಿ ಕೇಳಿದ್ದೆ — ಕಾನೂನಲ್ಲಿ ಹಾಗೇನೂ ಇಲ್ಲ. ಅಪ್ಪನಿಗೆ ಹೇಳಲಿಲ್ಲ.

ಮಾರ್ಚ್ 19, ಗುರುವಾರ

ಬೆಳಿಗ್ಗೆ ಅಪ್ಪ ಹೋದ. ನಾನು ಮಗ್ಗದ ಮುಂದೆ ಇದ್ದೆ. ಶನಿವಾರ ಮಣ್ಣಿಗೆ ಅರ್ಧ ದಿನದ ರಜೆ ಕೇಳಿದರೆ ಮೇಸ್ತ್ರಿ ಮುಖ ಸಿಂಡರಿಸಿದ.

ಹೊರೋಕೆ ಐದು ಜನ ಒಪ್ಪಿದಾರೆ. ಆರನೇ ಹೆಗಲು ನಂದು. ಹೆಂಗಸು ಹೊರಬಾರದು ಅಂದ ಒಬ್ಬ. "ನಾಲ್ಕು ಮಗ್ಗ ನಡೆಸಬಹುದು, ಅಪ್ಪನ್ನ ಹೊರಬಾರದಾ?" ಅಂದೆ.

ಮಾರ್ಚ್ 21, ಶನಿವಾರ, ರಾತ್ರಿ

ಹೆಗಲು ಎತ್ತೋಕಾಗ್ತಿಲ್ಲ. ಬರೀತೀನಿ.

ಗುಡ್ಡದ ದಾರಿಯ ಗೇಟಲ್ಲಿ ಕರ್ನಲ್‌ನ ಕಾವಲುಗಾರ. ಬಂದೂಕು, ನಾಯಿ, ಬೀಗ.

"ಹಿಂದಕ್ಕೆ ಹೋಗ್ರಪ್ಪ. ಹೆಣ ದಾಟಿದ್ರೆ ದಾರಿ ಹೋಯ್ತು. ದಾರಿ ಹೋದ್ರೆ ನನ್ನ ಕೆಲಸ ಹೋಯ್ತು." ಅವನೂ ನಂಬ್ತಾನೆ!

"ಮೊದಲು ಟೋಪಿ ತೆಗಿ, ಸತ್ತೋನು ಬಂದಿದಾನೆ," ಅಂದ ಮೇಯೋ.

ತೆಗೆದ. ಬೀಗ ತೆಗೀಲಿಲ್ಲ.

ಗೇಟಿನ ಮೇಲಿಂದಲೇ ದಾಟಿಸಿದ್ವಿ. ಮೂವರು ಆಚೆ ಹಾರಿದ್ರು, ಮೂವರು ಈಚೆಯಿಂದ ಎತ್ತಿದ್ವಿ. ನಟ್ಟನಡುವೆ ಪೆಟ್ಟಿಗೆ ವಾಲಿತು. ಇನ್ನೇನು ಬಿತ್ತು — ಅಷ್ಟರಲ್ಲಿ ಕಾವಲುಗಾರ ಬಂದೂಕು ಎಸೆದು ತಲೆಯ ಕಡೆ ಹಿಡಿದ. ಹಿಡಿದ ಮೇಲೆ ತಾನೇನು ಮಾಡಿದೆ ಅಂತ ಅವನಿಗೆ ಗೊತ್ತಾಯ್ತು. ಬಿಡಲಿಲ್ಲ ಮಾತ್ರ.

ಟಾಡ್‌ಶಾ ಅಂದ್ರೆ ಐದಾರು ಮನೆ. ತೋಪೂ ಇಲ್ಲ, ನರಿಯೂ ಇಲ್ಲ. ಬಾಗಿಲಲ್ಲಿ ಮುದುಕಿಯೊಬ್ಬಳು ಎದ್ದು ನಿಂತಳು. "ಯಾರಮ್ಮ ಹೋದದ್ದು?"

"ಟಾಡ್‌ಶಾ."

"ಊರು ಗೊತ್ತು ಕಣಮ್ಮ. ಯಾರ ಪೈಕಿ? ತೊರೆಯವರಾ, ದಿಬ್ಬದವರಾ?"

ಗೊತ್ತಿಲ್ಲ ಅಂದೆ. ಇಲ್ಲಿದ್ದಾಗ ನಮ್ಮನ್ನ ಏನಂತ ಕರೀತಿದ್ರೋ, ಆ ಹೆಸರು ಯಾರ ಬಾಯಲ್ಲೂ ಉಳಿದಿಲ್ಲ. ಆಕೆ ಹೊಲದ ಕಡೆ ಕೈ ತೋರಿಸಿದಳು — ಹುಲ್ಲಿನಡಿ ಗೋಡೆಗಳ ಗುರುತು, ಮೇಲೆ ಕುರಿ. "ಅಲ್ಲೆಲ್ಲೋ ಇರಬೇಕು ನಿಮ್ಮನೆ."

ಅಲ್ಲಿ ನಿಂತು ಹೆಗಲು ಬದಲಾಯಿಸಿದ್ವಿ. ಕುರಿಗಳು ಎದ್ದು ಪಕ್ಕಕ್ಕೆ ಹೋದವು.

ಮಿಲ್ಲಿನ ಊರಿಗೆ ತಂದು ಹೂಳೋ ಹೊತ್ತಿಗೆ ಕತ್ತಲು. ಟಾಡ್‌ಶಾದಿಂದ ವಾಪಸ್ ಬರುವಾಗ ಗೇಟು ತೆರೆದಿತ್ತು; ಬೀಗ ಕಾವಲುಗಾರನ ಕೈಯಲ್ಲಿತ್ತು.