ಕೆಂಪು ಬಿದ್ದ ಹಾಳೆಗಳು

ಅಪ್ಪ,

ಬದುಕಿದ್ದಾಗಲೂ ನಿನಗೆ ಈ ಪತ್ರ ಓದಲು ಬರುತ್ತಿರಲಿಲ್ಲ. ನೀನು ಸತ್ತು ನಾಲ್ಕು ವರ್ಷವಾದರೂ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ದಿನಾ ಸಂಜೆ ನೀನು ಕೈ ತೊಳೆದು, ಟವೆಲಿಗೆ ಒರೆಸಿಕೊಂಡು, ನನ್ನ ನೋಟ್‌ಬುಕ್ ತೆರೆಯುತ್ತಿದ್ದೆ. ಮೇಷ್ಟ್ರು ಕೆಂಪು ಶಾಯಿ ಹಾಕಿದ್ದೆಲ್ಲ ತಪ್ಪೆಂದು ನಿನ್ನ ತಿಳುವಳಿಕೆ. ಒಂದೊಂದು ಗುರುತಿಗೆ ನನ್ನ ಅಂಗೈಗೆ ಒಂದೊಂದು ಏಟು. ಅವು ಸರಿಯುತ್ತರಕ್ಕೆ ಹಾಕಿದ ಗುರುತುಗಳು. ಒಮ್ಮೆ ನಾನು ಹಾಗೆಂದು ಹೇಳಿದ್ದಕ್ಕೆ, ‘ನನಗ ಕಲಸಾಕ ಬಂದಿಯೇನು?’ ಎಂದು ನೀನು ಇನ್ನೆರಡು ಬಿಟ್ಟೆ. ಆಮೇಲೆ ನಾನು ಉತ್ತರ ಗೊತ್ತಿದ್ದರೂ ಬರೆಯಲಿಲ್ಲ. ಖಾಲಿ ಹಾಳೆ ನೋಡಿ ನೀನು ಬೆನ್ನು ಚಪ್ಪರಿಸಿದೆ. ‘ಮಗಳನ್ನ ಏಳನೇ ಕ್ಲಾಸಿನ ತನಕ ಓದಸೀನಿ’ ಎಂದು ಸಾಯುವವರೆಗೂ ಕಟ್ಟೆಯ ಮೇಲೆ ಕೂತು ಹೇಳಿಕೊಂಡೆ. ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ನಿನ್ನ ಮೊಮ್ಮಗಳು ಸಿಂಚನಾ ಈಗ ಹೊಸಹಳ್ಳಿಯಲ್ಲಿ ಐದನೇ ತರಗತಿ. ಇವತ್ತು ಅವಳ ಟೀಚರ್ ನನ್ನನ್ನು ಶಾಲೆಗೆ ಕರೆಸಿದ್ದರು. ಅವಳ ಡೆಸ್ಕಿನಿಂದ ಮಡಚಿದ ಹಾಳೆಗಳನ್ನು ತೆಗೆದು ಮುಂದಿಟ್ಟರು.

‘ಹುಡುಗಿ ಜಾಣಿ ಅದಾಳ್ರಿ. ಟೆಸ್ಟ್ ಪೇಪರ್ ಮಾತ್ರ ಮನಿಗೆ ಒಯ್ಯಂಗಿಲ್ಲ, ಇಲ್ಲೇ ಬಚ್ಚಿಡ್ತಾಳ.’

ಮೇಲಿನ ಹಾಳೆಯಲ್ಲಿ ಇಪ್ಪತ್ತಕ್ಕೆ ಹದಿನೆಂಟು. ಹಾಳೆಯ ತುಂಬ ಅದೇ ಕೆಂಪು ಗುರುತುಗಳು.

‘ಇನ್ನೆರಡು ಎಲ್ಲಿ ಹೋದ್ವು?’ ಎಂದೆ.

ಬಾಗಿಲ ಬಳಿ ನಿಂತಿದ್ದ ಸಿಂಚನಾ ಎರಡೂ ಅಂಗೈಗಳನ್ನು ಬೆನ್ನ ಹಿಂದೆ ಒಯ್ದಳು. ಟೀಚರ್ ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

ನಿನಗೆ ಓದಲು ಬರುತ್ತಿರಲಿಲ್ಲ, ಅಪ್ಪ. ನನಗೆ ಬರುತ್ತದೆ.