ಕೈಗೆ ಹೊಂದಿದ ಗಿಟಾರ್

ಕ್ಲಾರ್ಕ್ಸ್‌ಡೇಲ್,
ಶನಿವಾರ ಸಂಜೆ

ಪ್ರೀತಿಯ ಹೊಸಿಯಾ ಅಣ್ಣನಿಗೆ,

ನೀನು ಕಳಿಸಿದ ಹಣಕ್ಕೆ ನನ್ನದಿಷ್ಟು ಸೇರಿಸಿ ಇವತ್ತು ಎಲೆಕ್ಟ್ರಿಕ್ ಗಿಟಾರ್ ತಂದೆ. ಎಡಗೈ ಮಣಿಕಟ್ಟು ಮುರಿದ ಮೇಲೆ ಹದಿನಾಲ್ಕು ತಿಂಗಳು ತಂತಿ ಮುಟ್ಟಿರಲಿಲ್ಲ. ಹಳೆಯದನ್ನು ಕಣ್ಣೆದುರು ಇಟ್ಟುಕೊಳ್ಳಲಾರದೆ ಮಾರಿಬಿಟ್ಟಿದ್ದೆ. ಅದನ್ನು ನಿನಗೆ ಹೇಳಿರಲಿಲ್ಲ.

ಪೆಟ್ವೇ ಅವರ ಅಂಗಡಿಯಲ್ಲಿ ಮೊದಲು ಎತ್ತಿಕೊಂಡದ್ದು ದೊಡ್ಡ ಹೆಸರಿನ ಹೊಸ ಗಿಟಾರು. ಬೆಲೆ ನಮಗೆ ಎಟಕುವಂತಿತ್ತು, ಆದರೆ ತಂತಿ ಒತ್ತಿ ಹಿಡಿಯುವ ಕತ್ತು ದಪ್ಪ. ಎರಡೇ ನಿಮಿಷಕ್ಕೆ ಎಡಗೈ ಸೆಟೆದುಕೊಂಡಿತು. ಕೆಳಗಿಟ್ಟು ಹೊರಡಲು ಎದ್ದೆ.

"ಎಲ್ಲಿಗೆ ಹೊರಟೆ ಅರ್ಲೀನ್? ಕೂತ್ಕೋಮ್ಮ. ಹೆಸರು ನೋಡಿ ಒಪ್ಕೊಳ್ಳೋಕೆ ಇದೇನು ಮದುವೆ ಗಂಡಾ?" ಎಂದು ಗದರಿದ ಪೆಟ್ವೇ, ಒಳಗಿನಿಂದ ಮಾಸಿದ ಕೆಂಪು ಬಣ್ಣದ ಇನ್ನೊಂದನ್ನು ತಂದರು. ಹಳೇ ಕಾಲದ ಆಕಾರ, ಟೊಳ್ಳು ಒಡಲು, ತೆಳು ಕತ್ತು. ಯಾರೋ ಬಳಸಿ ಬಿಟ್ಟದ್ದು. ಬೆನ್ನಿಗೆ ಉದ್ದ ಗೀರು. ಬೆಲೆ ಮೊದಲಿನದಕ್ಕಿಂತ ಕಡಿಮೆ.

ಅಮ್ಮ ಹಾಡುತ್ತಿದ್ದ ದೇವರ ಹಾಡನ್ನು ಹಿಡಿದೆ. ಎರಡನೆಯ ಸಾಲಿಗೆ ಕಿರುಬೆರಳು ಬೇಕೇ ಬೇಕು. ಅದು ಹೋಗಿ ತಂತಿಯ ಮೇಲೆ ನಿಂತಿತು, ಅಣ್ಣ. ನೋವಿತ್ತು, ಆದರೆ ಜಾರಲಿಲ್ಲ. ಪೆಟ್ವೇ ಎದ್ದು ರೇಡಿಯೋ ಆರಿಸಿದರು.

"ಇನ್ನೊಂದ್ಸಲ ಬಾರಿಸ್ತೀಯಾ?" ಎಂದರು.

ಮೂರು ಸಲ ಬಾರಿಸಿದೆ. ಅದನ್ನೇ ಕೊಂಡು ಮನೆಗೆ ಬಂದು ಮೀನು ಹುರಿದುಕೊಂಡು ಹೊಟ್ಟೆ ತುಂಬ ಉಂಡೆ.

ನಾಳೆ ಚರ್ಚಿನಲ್ಲಿ ಬಾರಿಸುತ್ತೇನೆ. ಪಾದ್ರಿಗಳು ಅಲ್ಲಿ ನಾನು ಕೂತು ಬಾರಿಸುತ್ತಿದ್ದ ಕುರ್ಚಿಯನ್ನು ಇಷ್ಟು ದಿನ ಯಾರಿಗೂ ಕೊಟ್ಟಿರಲಿಲ್ಲವಂತೆ. ಈಸ್ಟರ್ ಹಬ್ಬಕ್ಕೆ ಬರುವಾಗ ಡೆಟ್ರಾಯಿಟಿನಿಂದ ತೆಳು ತಂತಿಗಳ ಎರಡು ಕಟ್ಟು ತಾ. ಈಗಿರುವವು ಅಷ್ಟರಲ್ಲಿ ಸವೆದುಹೋಗಿರುತ್ತವೆ.

ನಿನ್ನ ತಂಗಿ,
ಅರ್ಲೀನ್