ಮಡಕೆಯಲ್ಲಿಟ್ಟ ಹಾಲು

ಜೂನ್ ೧೨, ಗುರುವಾರ. ಶಾಮ್‌ಬರ್ಗ್.

ಆ ಹಾಲಿನ ವಾಸನೆ ಇನ್ನೂ ಮೂಗಿನಿಂದ ಹೋಗಿಲ್ಲ. ಅರಿಜೋನಾದ ಮರುಭೂಮಿಯಲ್ಲಿ ನಾವು ವಾಸಕ್ಕೆ ಹೋಗಲಿರುವ ಕರೆಂಟಿಲ್ಲದ ಮನೆಯಲ್ಲೂ ನನ್ನ ಇನ್ಸುಲಿನ್ ಕೆಡುವುದಿಲ್ಲ ಎಂದು ತೋರಿಸಲು, ಇವರು ಬೆಳಿಗ್ಗೆ ಗರಾಜಿನಲ್ಲಿ ಅಲ್ಲಿಯಷ್ಟೇ ಸೆಕೆಯಾಗಲೆಂದು ಹೀಟರ್ ಹಚ್ಚಿ, ಒದ್ದೆ ಗೋಣಿ ಸುತ್ತಿದ ಮಡಕೆಯೊಳಗೆ ಹಾಲಿಟ್ಟಿದ್ದರು. ಸಂಜೆಗೆ ಅದು ಒಡೆದುಹೋಗಿತ್ತು.

"ಹಾಲಿನ ಮಾತು ಬ್ಯಾರೆ, ಗುರುದೇವಿ. ಔಷಧ ಅಷ್ಟು ಲಗೂನ ಕೆಡಂಗಿಲ್ಲ," ಅಂದರು.

"ಕೆಟ್ರ?" ಎಂದೆ.

"ಯಾವಾಗ್ಲೂ ಬರೇ ಕೆಟ್ಟದ್ದ ಮಾತಾಡ್ತಿ ನೋಡು."

ಹಾಲನ್ನು ಸಿಂಕಿಗೆ ಸುರಿದು, ಮಡಕೆ ತೊಳೆದು, ಒರೆಸಿ, ಮತ್ತೆ ಅಲ್ಲಿಗೆ ಒಯ್ಯುವ ಪೆಟ್ಟಿಗೆಯಲ್ಲೇ ಇಟ್ಟರು. ನಾನು ನೋಡುತ್ತಾ ನಿಂತೆ. ಸಿಟ್ಟು ಕೂಡ ಬರಲಿಲ್ಲ.

ಈಗ ಇವರು ಗೊರಕೆ ಹೊಡೆಯುತ್ತಿದ್ದಾರೆ. ಅಡುಗೆಮನೆಯಲ್ಲಿ ಫ್ರಿಜ್ ಗುಂಯ್ ಅನ್ನುತ್ತಿದೆ. ಶನಿವಾರ ಅದನ್ನು ಕೊಂಡವರು ಬಂದು ಒಯ್ಯುತ್ತಾರೆ.